ಮನೆಗೊಂದು ಪಿಕಪ್ಪು: ಕೊಳ್ಳುವ ಮುನ್ನ ನೋಡಬೇಕಾದ ಸಂಗತಿಗಳು

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ವಿಷಯ ಕೇಳಲು ಬಂದ ನಿಮ್ಮ ಮುಂದೆ ನಾನು ಗಾಡಿಯ ವಿಷಯ ಹೇಳಲು ನಿಂತಿದ್ದೇನೆ. ಇದಕ್ಕೆ ಕಾರಣವಿದೆ. ಈಚಿನ ವರ್ಷಗಳಲ್ಲಿ ಯಾವ ಹಳ್ಳಿಗೆ ಹೋದರೂ, ಬೆಳೆಯ ಮಾತು ಮುಗಿದು ಕಾಫಿ ಬರುವ ಹೊತ್ತಿಗೆ ಯಾರಾದರೊಬ್ಬರು ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ: "ಸಾರ್, ಯಾವ ಪಿಕಪ್ಪು ತಗೊಳ್ಳಲಿ?" ಯಾವುದು ಎಂದು ಹೇಳುವುದಕ್ಕಿಂತ ಮೊದಲು "ಬೇಕೆ?" ಎಂದು ನಾನು ಕೇಳುತ್ತೇನೆ. ಆ ಪ್ರಶ್ನೆ ಯಾರಿಗೂ ಹಿಡಿಸುವುದಿಲ್ಲ.

ನಮ್ಮ ಸೋದರಮಾವನ ಮಗನ ಸಂಗತಿಯಿಂದಲೇ ಶುರು ಮಾಡುತ್ತೇನೆ. ಅವನು ಕೋಲಾರದ ಕಡೆ ಟೊಮೇಟೊ ಬೆಳೆಯುವವನು. 2023ರ ಜುಲೈ ತಿಂಗಳು ನಿಮಗೆಲ್ಲ ನೆನಪಿರಬೇಕು. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ಅವನ ಕೈಗೂ ನಾಲ್ಕು ಕಾಸು ಬಂತು. ಬಾಡಿಗೆ ಗಾಡಿಯವರು ಆ ದಿನಗಳಲ್ಲಿ ಕರೆದಾಗ ಬರಲಿಲ್ಲ ಎಂಬ ಸಿಟ್ಟೂ ಇತ್ತು. ಬಂದ ಹಣವನ್ನೆಲ್ಲ ಮುಂಗಡ ಕಟ್ಟಿ, ಉಳಿದದ್ದಕ್ಕೆ ಸಾಲ ಮಾಡಿ, ಒಂದೂವರೆ ಟನ್ ಹೊರುವ ದೊಡ್ಡ ಪಿಕಪ್ಪನ್ನೇ ತಂದ. ಸೆಪ್ಟೆಂಬರ್ ಹೊತ್ತಿಗೆ ಟೊಮೇಟೊ ಬೆಲೆ ನೆಲ ಕಚ್ಚಿತು. ಕಂತು ಮಾತ್ರ ಕಚ್ಚಲಿಲ್ಲ. ಕೊಳ್ಳುವ ಮುನ್ನ ಅವನು ನನ್ನನ್ನು ಕೇಳಿದ್ದ. "ಒಳ್ಳೆಯ ಗಾಡಿ, ತಗೋ" ಎಂದವನು ನಾನೇ. ಗಾಡಿ ಒಳ್ಳೆಯದೇ ಆಗಿತ್ತು. ಅವನ ಲೆಕ್ಕವನ್ನು ನಾನು ಕೇಳಲಿಲ್ಲ, ಅಷ್ಟೇ. ಅದಕ್ಕಾಗಿಯೇ ಈಗ ಎಲ್ಲರಿಗೂ ಮೊದಲು ಲೆಕ್ಕ ಹೇಳುತ್ತೇನೆ.

ಉದಾಹರಣೆಗೆ ಗಾಡಿಯ ಬೆಲೆ 7 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳಿ. ಎಂಟು ವರ್ಷ ಓಡಿಸಿ 2 ಲಕ್ಷಕ್ಕೆ ಮಾರಿದಿರಿ. ಸವಕಳಿಯೇ 5 ಲಕ್ಷ, ಅಂದರೆ ವರ್ಷಕ್ಕೆ 62,500. ಸಾಲದ ಬಡ್ಡಿ ಸರಾಸರಿ ವರ್ಷಕ್ಕೆ 35,000. ವಿಮೆ ಮತ್ತು ತೆರಿಗೆಗೆ 30,000. ಟೈರು, ಆಯಿಲ್, ರಿಪೇರಿಗೆ 20,000 ಹಿಡಿಯಿರಿ. ಒಟ್ಟು 1,47,500 ರೂಪಾಯಿ. ಗಾಡಿ ಕೊಟ್ಟಿಗೆಯಲ್ಲಿ ನಿಂತರೂ ಈ ಖರ್ಚಿನ ಬಹುಪಾಲು ತಪ್ಪದು. ಈಗ ಬಾಡಿಗೆಯ ಕಡೆ ನೋಡೋಣ. ಮಂಡಿಗೆ ಹೋಗಿಬರಲು ಬಾಡಿಗೆ ಗಾಡಿಗೆ 1,500 ಕೊಡುತ್ತೀರಿ. ಸ್ವಂತ ಗಾಡಿಯಾದರೆ ಅದೇ ದಾರಿಗೆ ಡೀಸೆಲ್ಲು 400 ರೂಪಾಯಿ. ಉಳಿತಾಯ 1,100. ಹಾಗಾದರೆ ವರ್ಷಕ್ಕೆ ಎಷ್ಟು ಸಲ ಹೋದರೆ ಗಾಡಿ ತನ್ನ ಖರ್ಚನ್ನು ತಾನು ದುಡಿಯುತ್ತದೆ? 134 ಸಲ. ತಿಂಗಳಿಗೆ ಹನ್ನೊಂದಕ್ಕಿಂತ ಹೆಚ್ಚು. ಇದರಲ್ಲಿ ಗಾಡಿ ಓಡಿಸುವ ನಿಮ್ಮ ಅಥವಾ ನಿಮ್ಮ ಮಗನ ಕೂಲಿಯನ್ನು ನಾನು ಹಿಡಿದಿಲ್ಲ. ಅಂಕಿಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ, ಆದರೆ ಲೆಕ್ಕ ಮಾಡದೆ ಬಿಡಬೇಡಿ.

ಇದಕ್ಕೆ ಒಂದು ನೋಟುಬುಕ್ಕು ಬೇಕು. ಗಾಡಿ ಕೊಳ್ಳುವ ಯೋಚನೆ ಬಂದ ದಿನದಿಂದ ಒಂದು ಬೆಳೆಯ ಕಾಲ ಮುಗಿಯುವವರೆಗೆ ಬರೆಯಿರಿ: ಯಾವ ದಿನ, ಏನು ಸಾಗಿಸಿದಿರಿ, ತೂಕ ಎಷ್ಟು, ದೂರ ಎಷ್ಟು, ಬಾಡಿಗೆ ಎಷ್ಟು. ಹಿಂಡಿ, ಬೂಸಾ, ರಸಗೊಬ್ಬರ, ಗ್ಯಾಸ್ ಸಿಲಿಂಡರು, ಮೋಟಾರು ರಿವೈಂಡಿಂಗಿಗೆ ಒಯ್ದದ್ದು, ಸೊಸೈಟಿಯ ಅಕ್ಕಿ, ಮಗಳ ಮನೆಗೆ ಕಳಿಸಿದ ಹಲಸಿನ ಹಣ್ಣು, ಎಲ್ಲವೂ ಬರಲಿ. ಮನೆಯ ಹೆಂಗಸರನ್ನು ಕೇಳಿ ಬರೆಯಿರಿ. ಗಂಡಸರು ಮರೆಯುವ ಅರ್ಧ ಕೆಲಸ ಅವರಿಗೆ ನೆನಪಿರುತ್ತದೆ. ಈ ಪುಸ್ತಕ ನೋಡಿದಾಗ ಹಲವರಿಗೆ ಆಶ್ಚರ್ಯವಾಗುತ್ತದೆ. ಮನೆಗೆಲಸದ ಸಾಗಾಣಿಕೆಯಲ್ಲಿ ಹೆಚ್ಚಿನದು 500 ಕಿಲೋ ಒಳಗೇ ಇರುತ್ತದೆ. ಒಂದು ಟನ್ ಮೀರುವ ದಿನಗಳು ಕೊಯ್ಲಿನ ಕೆಲವೇ ವಾರಗಳು. ಆ ಕೆಲವು ವಾರಗಳಿಗಾಗಿ ಇಡೀ ವರ್ಷ ದೊಡ್ಡ ಗಾಡಿಯನ್ನು ಸಾಕಬೇಕೆ, ಇಲ್ಲವೆ ಚಿಕ್ಕದನ್ನು ಇಟ್ಟುಕೊಂಡು ಕೊಯ್ಲಿಗೆ ಬಾಡಿಗೆ ಗಾಡಿ ಕರೆಯಬೇಕೆ? ನನ್ನ ಮಟ್ಟಿಗೆ ಎರಡನೆಯದೇ ಸರಿ. ತರಕಾರಿಯನ್ನು ದಿನ ಬಿಟ್ಟು ದಿನ ಮಂಡಿಗೆ ಹಾಕುವವರ ಮಾತು ಬೇರೆ.

ಗಾಡಿಗಳಲ್ಲಿ ಎರಡು ವರ್ಗ ಉಂಟು ಎಂದು ಸ್ಥೂಲವಾಗಿ ತಿಳಿದುಕೊಳ್ಳಬಹುದು. 2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿ ಇದ್ದುದು ಎರಡೇ ಸಿಲಿಂಡರಿನ, 702 ಸಿ.ಸಿ. ಡೀಸೆಲ್ ಎಂಜಿನ್, ಸುಮಾರು 16 ಅಶ್ವಶಕ್ತಿ. ಜನ ನಕ್ಕರು, ಆಮೇಲೆ ಊರೂರಿಗೂ ಬಂತು. ಆ ವರ್ಗದ ಗಾಡಿಗಳು, 2016ರಲ್ಲಿ ಬಂದ ಮಾರುತಿ ಸೂಪರ್ ಕ್ಯಾರಿಯೂ ಸೇರಿ, ಮಾದರಿಗೆ ತಕ್ಕಂತೆ ಸುಮಾರು 600ರಿಂದ 750 ಕಿಲೋ ಹೊರುತ್ತವೆ. ಬೊಲೆರೊ ಪಿಕಪ್ಪು, ಅಶೋಕ್ ಲೇಲ್ಯಾಂಡ್ ದೋಸ್ತ್ ಇವು ಎರಡನೆಯ ವರ್ಗ. 1,200ರಿಂದ 1,700 ಕಿಲೋ. ಇವಲ್ಲದೆ ಐದು ಜನ ಕೂರುವ, ಹಿಂದೆ ಸಣ್ಣ ಬಾಡಿ ಇರುವ ಇಸುಜು, ಟೊಯೊಟ ಹೈಲಕ್ಸ್ ತರಹದವು ಇವೆ. ಅವು ಗಟ್ಟಿ, ಎಳೆಯಲೂ ಬಲ್ಲವು. ಬೆಲೆ ಮಾತ್ರ ಕಾರಿನದು. ಕಾಫಿ ತೋಟದ ಮಾಲೀಕರ ಬಳಿ ಕಂಡಿದ್ದೇನೆ, ಎರಡು ಎಕರೆಯವರಿಗೆ ಹೇಳಲಾರೆ.

ಎಷ್ಟು ಹೊರುತ್ತದೆ ಎಂದು ಮಾರುವವನನ್ನು ಕೇಳಬೇಡಿ, ಆರ್.ಸಿ. ನೋಡಿ. ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನಿಮ್ಮ ಹೊರೆ. ಅದರಲ್ಲಿ ನೀವು, ಪಕ್ಕದಲ್ಲಿ ಕೂತ ನಿಮ್ಮ ಭಾವ, ಹಿಂದೆ ಹೊಸದಾಗಿ ಕಟ್ಟಿಸಿದ ಕಬ್ಬಿಣದ ಜಾಲರಿ, ಎಲ್ಲದರ ತೂಕವೂ ಸೇರಿದೆ.

ಇಲ್ಲಿ ನಮ್ಮ ಕಣ್ಣಳತೆ ಮೋಸ ಮಾಡುತ್ತದೆ. 7 ಅಡಿ ಉದ್ದ, 5 ಅಡಿ ಅಗಲದ ಬಾಡಿಯಲ್ಲಿ ಒಂದು ಅಡಿ ಎತ್ತರಕ್ಕೆ ತುಂಬಿದರೆ 35 ಘನ ಅಡಿ, ಹೆಚ್ಚು ಕಡಿಮೆ ಒಂದು ಘನ ಮೀಟರು. ಅದು ಹಸಿ ಕೊಟ್ಟಿಗೆ ಗೊಬ್ಬರವಾದರೆ ಸುಮಾರು 700 ಕಿಲೋ. ಚಿಕ್ಕ ಗಾಡಿಗೆ ಸರಿಹೊಂದುತ್ತದೆ. ಒದ್ದೆ ಮರಳಾದರೆ 1,800 ಕಿಲೋ ಮೀರುತ್ತದೆ! ನೋಡಲು ಎರಡೂ ಒಂದೇ. ನೀರಿನ ಟ್ಯಾಂಕು ಲೀಟರಿಗೆ ಒಂದು ಕಿಲೋ. 1,000 ಲೀಟರಿನ ಟ್ಯಾಂಕು ಚಿಕ್ಕ ಗಾಡಿಯ ಮೇಲೆ ಇಡತಕ್ಕದ್ದಲ್ಲ. ಅರ್ಧ ತುಂಬಿದರಾಯಿತು ಎಂದು ಕೆಲವರು ಹೇಳುತ್ತಾರೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತಿರುವಿನಲ್ಲಿ ಒಂದೇ ಕಡೆಗೆ ನುಗ್ಗಿ ಗಾಡಿಯನ್ನು ಉರುಳಿಸುತ್ತದೆ. ಅದಕ್ಕಿಂತ 500 ಲೀಟರಿನ ಟ್ಯಾಂಕನ್ನು ಪೂರ್ತಿ ತುಂಬಿ, ಕ್ಯಾಬಿನ್ನಿಗೆ ಒತ್ತಿ ಕಟ್ಟುವುದು ಲೇಸು. ಯಾವ ಹೊರೆಯಾದರೂ ಭಾರವಾದುದು ಹಿಂದಿನ ಚಕ್ರಕ್ಕಿಂತ ಮುಂದೆ ಇರಬೇಕು. ಹಿಂಬದಿ ಬಾಗಿಲಿನ ಆಚೆ ಪೈಪುಗಳನ್ನೂ ಬೋದಿಗೆಗಳನ್ನೂ ಚಾಚಿ ಹೇರಿದರೆ ಮುಂದಿನ ಚಕ್ರ ಹಗುರವಾಗಿ ಸ್ಟೀರಿಂಗು ಮಾತು ಕೇಳುವುದಿಲ್ಲ. ಏತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಿತಿ ಮೀರಿ ಹೇರಿದರೆ 2019ರ ತಿದ್ದುಪಡಿ ಕಾಯಿದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. ದಂಡಕ್ಕಿಂತ ಬ್ರೇಕಿನ ಚಿಂತೆ ನನಗೆ ಹೆಚ್ಚು.

ಎಳೆಯುವ ವಿಷಯಕ್ಕೆ ಬರುತ್ತೇನೆ. ಹೊರುವುದು ಬೇರೆ, ಎಳೆಯುವುದು ಬೇರೆ. ಪಿಕಪ್ಪು ಟ್ರ್ಯಾಕ್ಟರಲ್ಲ. ಕೆಸರಿನಲ್ಲಿ ಹೂತ ಟ್ರ್ಯಾಕ್ಟರನ್ನು ಪಿಕಪ್ಪಿನಿಂದ ಎಳೆಯಲು ಹೋಗಿ ಕ್ಲಚ್ಚು ಸುಟ್ಟುಕೊಂಡವರನ್ನು ನಾನು ಬಲ್ಲೆ. ವಾಸನೆ ಊರಿಗೆಲ್ಲ ಬಂದಿತ್ತು. ಆದರೆ ಎರಡು ಚಕ್ರದ ಸಣ್ಣ ಟ್ರೇಲರಿನ ಮೇಲೆ ಔಷಧಿ ಸಿಂಪಡಿಸುವ ಯಂತ್ರ ಅಥವಾ ಜನರೇಟರು ಇಟ್ಟು ಎಳೆಯುವ ಅಗತ್ಯ ಕೆಲವರಿಗೆ ಇರುತ್ತದೆ. ಅಂಥವರು ಮೊದಲು ಗಾಡಿಯ ಕೈಪಿಡಿಯಲ್ಲಿ ಎಳೆಯುವ ತೂಕ ಕೊಟ್ಟಿದೆಯೇ ನೋಡಬೇಕು. ಕೊಡದಿದ್ದರೆ ಕೊಂಡಿ ಹಾಕಿಸಬೇಡಿ. ಕೊಟ್ಟಿದ್ದರೆ, ಕೊಂಡಿ ಬಂಪರಿಗಲ್ಲ, ಚಾಸಿಗೆ ಬಿಗಿದಿರಬೇಕು. ಟ್ರೇಲರಿನ ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟು ಕೊಂಡಿಯ ಮೇಲೆ ಕೂರುವಂತೆ ಹೇರಬೇಕು. ಅಂದರೆ 500 ಕಿಲೋ ಟ್ರೇಲರಿಗೆ 50 ಕಿಲೋ. ಕಡಿಮೆಯಾದರೆ ಟ್ರೇಲರು ನಾಯಿಯ ಬಾಲದಂತೆ ಅಲ್ಲಾಡುತ್ತದೆ, ಹೆಚ್ಚಾದರೆ ಗಾಡಿಯ ಮೂತಿ ಮೇಲೇಳುತ್ತದೆ. ಕೊಂಡಿ ಕಳಚಿದರೆ ಹಿಡಿಯಲು ಸರಪಳಿ, ಹಿಂದೆ ದೀಪ, ಎರಡೂ ಇರಲಿ. ಸಣ್ಣ ಟ್ರೇಲರಿಗೆ ಸಾಮಾನ್ಯವಾಗಿ ಬ್ರೇಕು ಇರುವುದಿಲ್ಲ. ಅದನ್ನೂ ನಿಮ್ಮ ಗಾಡಿಯೇ ನಿಲ್ಲಿಸಬೇಕು. ರಸ್ತೆಗೆ ಬರುವ ಟ್ರೇಲರಿಗೂ ನೋಂದಣಿ ಬೇಕು ಎಂಬುದನ್ನು ಮರೆಯಬೇಡಿ. ಪವರ್ ಟಿಲ್ಲರನ್ನು ಎಳೆಯುವುದಕ್ಕಿಂತ ಎರಡು ಗಟ್ಟಿ ಹಲಗೆ ಇಟ್ಟು ಬಾಡಿಗೇ ಹತ್ತಿಸಿ ಕಟ್ಟುವುದು ಸುಲಭ.

ದಾರಿಯನ್ನೂ ನೋಡಬೇಕು. ಈ ಗಾಡಿಗಳಲ್ಲಿ ಬಹುಪಾಲು ಹಿಂದಿನ ಚಕ್ರದಿಂದ ಓಡುವಂಥವು. ಖಾಲಿ ಇದ್ದಾಗ ಹಿಂಭಾಗ ಹಗುರ. ಮಳೆ ಬಿದ್ದ ಎರೆ ನೆಲದಲ್ಲಿ ಚಕ್ರ ನಿಂತಲ್ಲೇ ತಿರುಗುತ್ತದೆ. ಹಿಂದಿನ ಚಕ್ರದ ಮೇಲೆ ಮೂರು ನಾಲ್ಕು ಮರಳಿನ ಚೀಲ ಹಾಕಿಕೊಂಡರೆ ಎಷ್ಟೋ ವಾಸಿ. ಡೀಸೆಲ್ಲೋ ಪೆಟ್ರೋಲೋ ಎಂಬ ಪ್ರಶ್ನೆಗೆ: 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಜರಡಿ ಇರುವುದು ಸಾಮಾನ್ಯ. ದಿನವೂ ಎರಡು ಮೂರು ಕಿಲೋಮೀಟರು ಮಾತ್ರ ಓಡಿಸಿ ನಿಲ್ಲಿಸುವವರಿಗೆ ಅದು ಕಟ್ಟಿಕೊಂಡು ತೊಂದರೆ ಕೊಡುತ್ತದೆ. ಹೊಲ, ಮನೆ, ಡೇರಿ ಇಷ್ಟೇ ಓಡಾಟವಾದರೆ ಪೆಟ್ರೋಲೇ ಲೇಸು. ವಾರಕ್ಕೆ ನಾಲ್ಕು ದಿನ ದೂರದ ಮಂಡಿಯಾದರೆ ಡೀಸೆಲ್ಲು. ಸಿ.ಎನ್.ಜಿ. ಬಂಕು ನಿಮ್ಮ ದಾರಿಯಲ್ಲೇ ಇದ್ದರೆ ಮಾತ್ರ ಆ ಯೋಚನೆ.

ಹಳೆಯ ಗಾಡಿ ಕೊಳ್ಳುವವರು ಎಂಜಿನ್ ಶಬ್ದ ಕೇಳುತ್ತಾ ನಿಲ್ಲುತ್ತಾರೆ. ನಾನಾದರೆ ಕೆಳಗೆ ಮಲಗಿ ಚಾಸಿ ನೋಡುತ್ತೇನೆ. ವೆಲ್ಡಿಂಗ್ ಗುರುತು, ಹಿಂದಿನ ಸ್ಪ್ರಿಂಗಿಗೆ ಮೂಲದಲ್ಲಿ ಇಲ್ಲದ ಪಟ್ಟಿ ಸೇರಿಸಿರುವುದು, ಇವು ಅದು ಅತಿಭಾರ ಹೊತ್ತು ಬೆನ್ನು ಮುರಿದುಕೊಂಡ ಗಾಡಿ ಎಂಬುದರ ಸಾಕ್ಷಿ. ಆರ್.ಸಿ.ಯಲ್ಲಿ ಹಳೆಯ ಸಾಲದ ನಮೂದು ಇದ್ದರೆ ಅದನ್ನು ತೆಗೆಸಿದ ಮೇಲೆಯೇ ಹಣ ಕೊಡಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು.

ಕಾಗದಪತ್ರದ ಎರಡು ಮಾತು. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಕೆಲವು ಮಾದರಿಗಳ ಒಟ್ಟು ತೂಕ ಅದಕ್ಕೆ ತುಸು ಕೆಳಗೇ ನಿಂತಿರುವುದನ್ನು ಕಾಣಬಹುದು. ಇನ್ನು ಲೈಸೆನ್ಸು. ಹಗುರ ವಾಹನದ ಲೈಸೆನ್ಸು ಇರುವವರು 7,500 ಕಿಲೋ ಒಳಗಿನ ಸರಕು ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಹಸು ಸಾಗಿಸುವವರಿಗೆ: ನಿಯಮದಂತೆ ಹಸುವಿಗೆ, ಎಮ್ಮೆಗೆ ತಲಾ 2 ಚದರ ಮೀಟರು ಜಾಗ ಬೇಕು. ಚಿಕ್ಕ ಗಾಡಿಯ ಬಾಡಿ ಸುಮಾರು 3.25 ಚದರ ಮೀಟರು. ಅಂದರೆ ಒಂದೇ ಹಸು. ಪಶುವೈದ್ಯರ ಪತ್ರ ಜೊತೆಗಿರಲಿ.

ಕೊನೆಗೆ ಉಳಿಸಿಕೊಂಡಿರುವ ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದು. ಗಾಡಿ ಬಂದ ಮೇಲೆ ಅದರ ಹಿಂದೆ ಜನ ಹತ್ತುತ್ತಾರೆ. ನಾಟಿಗೆ ಹೋಗುವ ಹೆಣ್ಣಾಳುಗಳು, ಮದುವೆ ದಿಬ್ಬಣ, ದೇವರ ಹರಕೆಗೆ ಹೊರಟ ಮನೆಮಂದಿ. "ನಾಲ್ಕು ಮೈಲಿ ತಾನೆ" ಎನ್ನುತ್ತೇವೆ. 1994ರ ತಿದ್ದುಪಡಿಯಿಂದಾಗಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಹೋಗುವಾಗ ವಿಮೆ ಅನ್ವಯಿಸುತ್ತದೆ. ಬಿಟ್ಟಿ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಗಾಡಿ ಮಗುಚಿದರೆ ಪರಿಹಾರದ ಹೊಣೆ ಮಾಲೀಕನ ಮೇಲೆ ಬೀಳುತ್ತದೆ, ಎಂದರೆ ನಿಮ್ಮ ಜಮೀನಿನ ಮೇಲೆ. ನಮ್ಮ ನಂಟರ ಊರಿನಲ್ಲಿ ಹಾಗೆ ಎರಡು ಎಕರೆ ತರಿ ಹೋಯಿತು. ಹೋದ ಜೀವಗಳ ಮಾತು ನಾನು ಆಡುವುದಿಲ್ಲ; ಆ ಮನೆಯ ಮುಂದೆ ಇಂದಿಗೂ ಆ ಗಾಡಿ ನಿಂತಿದೆ, ಯಾರೂ ಮಾರುವುದಿಲ್ಲ, ಓಡಿಸುವುದಿಲ್ಲ.

ನನ್ನ ಸೋದರಮಾವನ ಮಗ ದೊಡ್ಡ ಗಾಡಿ ಮಾರಿ, ಕೈಯಿಂದ ಸ್ವಲ್ಪ ಕಳೆದುಕೊಂಡು, ಹಳೆಯದೊಂದು ಚಿಕ್ಕ ಗಾಡಿ ಇಟ್ಟುಕೊಂಡಿದ್ದಾನೆ. ಒಂದು ಸಲಕ್ಕೆ 40 ಬಾಕ್ಸು ಒಯ್ಯುತ್ತಾನೆ. ನೋಟುಬುಕ್ಕು ಈಗ ಅವನ ಹೆಂಡತಿಯ ಕೈಯಲ್ಲಿದೆ.

ಇಲ್ಲಿಗೆ ಗಾಡಿಯಲ್ಲಿ ಬಂದವರು ಏಳೆಂಟು ಜನ ಇದ್ದೀರಿ ಎಂದು ಕಾಣುತ್ತದೆ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ನಿಮ್ಮ ಆರ್.ಸಿ. ಹಿಡಿದುಕೊಂಡು ಹೊರಗೆ ಬನ್ನಿ. ಟೈರಿನ ಗಾಳಿ ಅಳೆಯುವ ಮೀಟರು ತಂದಿದ್ದೇನೆ, ಹೊರೆಯ ಲೆಕ್ಕವನ್ನೂ ಅಲ್ಲೇ ಮಾಡೋಣ.