ಮೂಗಿನ ಮೇಲಿನ ನವೆ

ಮೊನ್ನೆ ಒಂದು ಮದುವೆ, ಧಾರೆಯ ಹೊತ್ತು. ಮದುಮಗನ ಬೊಗಸೆಯಲ್ಲಿ ತೆಂಗಿನಕಾಯಿ, ಅದರ ಮೇಲೆ ಧಾರೆ ಬೀಳುತ್ತಿದೆ. ಸರಿಯಾಗಿ ಆಗಲೇ ಅವನ ಮೂಗಿಗೆ ನವೆ ಶುರುವಾಯಿತು. ಬಾಸಿಂಗದ ದಾರವೋ, ಹೋಮದ ಹೊಗೆಯೋ. ಮೂಗು ಸೊಟ್ಟ ಮಾಡಿದ, ತುಟಿ ಮುಂದೆ ಮಾಡಿ ಊದಿಕೊಂಡ, ಭುಜಕ್ಕೆ ತಿಕ್ಕಿಕೊಳ್ಳಲು ನೋಡಿದ. ಪೇಟ ಬಿಡಲಿಲ್ಲ. ಕೊನೆಗೆ ಸೋದರತ್ತೆಯೇ ಸೆರಗಿನ ತುದಿಯಿಂದ ಉಜ್ಜಿದರು. ಪುರೋಹಿತರಿಗೂ ಮಂತ್ರದ ನಡುವೆ ನಗು ತಡೆಯಲಾಗಲಿಲ್ಲ.

ನಮಗೆ ದಿನಕ್ಕೆ ಅದೆಷ್ಟು ಸಲ ನವೆಯಾಗುತ್ತದೋ! ತಿಳಿಯುವ ಮೊದಲೇ ಕೈ ಹೋಗಿ ಕೆಲಸ ಮುಗಿಸಿ ಬಂದಿರುತ್ತದೆ. ಕೈಗೆ ಬಿಡುವಿಲ್ಲದಾಗ ಮಾತ್ರ ನವೆಯ ಪೂರ್ತಿ ಪರಿಚಯ.

ವಿಪಶ್ಯನ ಧ್ಯಾನಕ್ಕೆ ಹೊಸದಾಗಿ ಕೂತವರ ಪಾಡೂ ಹೀಗೇ. ಶಾಂತಿ ಬೇಕೆಂದು ಹೋದವರಿಗೆ ಮೊದಲು ಸಿಗುವುದು ಮೊಣಕಾಲು ನೋವು, ಜೋಮು, ನವೆ. ಈ ಅಭ್ಯಾಸವನ್ನು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ತಂದ ಸತ್ಯನಾರಾಯಣ ಗೋಯೆಂಕಾ ವ್ಯಾಪಾರಿ, ತೀವ್ರ ತಲೆನೋವಿನ ರೋಗಿ. ಅವರಿಗೆ ಕಲಿಸಿದ ಊ ಬಾ ಖಿನ್ ಅಕೌಂಟೆಂಟ್ ಜನರಲ್. ಇಬ್ಬರೂ ಸಂಸಾರಿಗಳೇ. ಗೋಯೆಂಕಾ ಅವರ ಹತ್ತು ದಿನದ ಶಿಬಿರದಲ್ಲಿ ಮೊದಲ ಮೂರೂವರೆ ದಿನ ಬರೀ ಉಸಿರನ್ನು ಗಮನಿಸುವುದು. ಆಮೇಲೆ ಮೈಯಲ್ಲಿ ಏಳುವ ಒಂದೊಂದು ಸಂವೇದನೆಯನ್ನೂ ನೋಡುತ್ತ ಹೋಗುವುದು. ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಕೈಕಾಲು ಅಲುಗಿಸದೆ ಕೂರುವ ಸಂಕಲ್ಪವೂ ಉಂಟು. ಅದಕ್ಕೆ ಅಧಿಷ್ಠಾನ ಎನ್ನುತ್ತಾರೆ. ನೆನೆಸಿಕೊಂಡರೇ ಮೂಗು ಚುರುಗುಡುತ್ತದೆ.

ನನಗೆ ಹೆಚ್ಚು ಹಿಡಿಸುವುದು ಬರ್ಮಾದ ಭಿಕ್ಷು ಮಹಾಸಿ ಸಯಾಡೋ (1904–1982) ಹೇಳಿಕೊಟ್ಟ ಕ್ರಮ. ಹೊಟ್ಟೆ ಏರುವುದು, ಇಳಿಯುವುದು, ಇಷ್ಟನ್ನು ಗಮನಿಸುತ್ತ ಕೂರಬೇಕು. ಮನಸ್ಸು ಗ್ಯಾಸ್ ಸಿಲಿಂಡರ್ ಕಡೆಗೆ ಹೊರಟರೆ, ‘ಯೋಚನೆ’ ಎಂದು ಗುರುತಿಸಿ ಮತ್ತೆ ಹೊಟ್ಟೆಗೆ ಬರುವುದು. ನವೆ ಬಂದರೆ ‘ನವೆ, ನವೆ’. ಅಷ್ಟಕ್ಕೂ ತಡೆಯಲಾಗದಿದ್ದರೆ ಕೆರೆದುಕೊಳ್ಳಬಹುದು! ಆದರೆ ಅದಕ್ಕೊಂದು ಕ್ರಮವಿದೆ. ಮೊದಲು ಕೆರೆಯುವ ಆಸೆ ಎದ್ದದ್ದನ್ನು ಗುರುತಿಸಬೇಕು. ಕೈಯನ್ನು ನಿಧಾನವಾಗಿ ಎತ್ತುತ್ತ ‘ಎತ್ತುತ್ತಿದೆ’, ತಾಗಿದಾಗ ‘ತಾಗಿತು’, ಉಜ್ಜುವಾಗ ‘ಉಜ್ಜುತ್ತಿದೆ’. ಸಾಕೆನಿಸಿದ್ದನ್ನೂ ಗಮನಿಸಿ, ಅಷ್ಟೇ ನಿಧಾನವಾಗಿ ಕೈಯನ್ನು ಇದ್ದಲ್ಲಿಗೆ ತರಬೇಕು. ಒಂದು ನವೆಗೆ ಎಂಥ ಮೆರವಣಿಗೆ!

ಮನೆಯಲ್ಲಿ ಹತ್ತು ನಿಮಿಷ ಕೂತು ನೋಡಬಹುದು. ಕೆಲವು ಸಲ ಕೈ ಅರ್ಧ ದಾರಿಯಲ್ಲಿರುವಾಗಲೇ ನವೆ ಮಾಯ. ಹುಟ್ಟಿದ್ದೆಲ್ಲ ಅಳಿಯುತ್ತದೆ ಎಂಬ ಬುದ್ಧನ ದೊಡ್ಡ ಮಾತಿಗೆ ಮೂಗಿನ ಮೇಲಿನ ಚಿಕ್ಕ ಸಾಕ್ಷಿ ಇರಬಹುದೇನೋ. ಕೆಲವು ಸಲ ಹೋಗುವುದೇ ಇಲ್ಲ, ಇನ್ನಷ್ಟು ಚಿಗುರುತ್ತದೆ. ಆಗ ಕೆರೆಯುವುದೇ ಸರಿ.

ಕೆರೆದಾಗ ಹಾಯ್ ಅನಿಸುತ್ತದಲ್ಲ, ಅದು ಇನ್ನೊಂದು ಕಥೆ. ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ದುಃಖದ ಸಂವೇದನೆಯ ಜೊತೆಗೆ ಸುಖದ ಸಂವೇದನೆಯನ್ನೂ, ಎರಡೂ ಅಲ್ಲದ್ದನ್ನೂ ತಿಳಿಯಬೇಕೆಂದಿದೆ. ನೋವು, ನವೆ ತಾವಾಗಿಯೇ ನಮ್ಮನ್ನು ಕೂಗಿ ಕರೆಯುತ್ತವೆ. ಈ ಹಾಯ್ ಅನ್ನುವುದು ಬಂದಾಗ ‘ಸುಖ, ಸುಖ’ ಎಂದು ಗುರುತಿಸಲು ಯಾರಿಗೆ ನೆನಪಿರುತ್ತದೆ? ಕಣ್ಣು ಅರೆಮುಚ್ಚಿ ಇನ್ನೊಂದು ಸಲ ಉಜ್ಜುತ್ತೇವೆ, ನವೆಯೇ ಇಲ್ಲದ ಕಡೆಯೂ.