ಪೆನ್ ಡ್ರೈವ್ ತುಂಬಿದೆ, ಕಾರ್ಯಕ್ರಮ ಕಾಣುತ್ತಿಲ್ಲ



ನಿಮ್ಮ ಮನೆಯ ಟಿ.ವಿ. ಪಕ್ಕದಲ್ಲಿರುವ ಸೆಟ್ ಟಾಪ್ ಬಾಕ್ಸನ್ನು ಒಮ್ಮೆ ತಿರುಗಿಸಿ ನೋಡಿ. ಮುಂದೆಯೋ ಹಿಂದೆಯೋ ಪೆನ್ ಡ್ರೈವ್ ಹಾಕುವ ಚಪ್ಪಟೆ ಕಿಂಡಿಯೊಂದು ಕಾಣಬಹುದು. ದೂರದರ್ಶನದ ಉಚಿತ ಡಿಶ್ ಸೇವೆಗೆಂದು ಪೇಟೆಯಲ್ಲಿ ಸಿಗುವ ಬಾಕ್ಸ್‌ಗಳಲ್ಲಿ ಅನೇಕಕ್ಕೆ ಇದು ಇರುತ್ತದೆ. 2004ರ ಡಿಸೆಂಬರ್‌ನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾಗಿ, ಈಗ ಡಿ.ಡಿ. ಫ್ರೀ ಡಿಶ್ ಎನಿಸಿಕೊಂಡಿರುವ ಸೇವೆ ಅದು. ಕಿಂಡಿಗೆ ಪೆನ್ ಡ್ರೈವ್ ಹಾಕಿ ರಿಮೋಟಿನ ರೆಕಾರ್ಡ್ ಗುಂಡಿ ಒತ್ತಿದರೆ ಆ ಪುಟ್ಟ ಪೆಟ್ಟಿಗೆಯೇ ಮನೆಯ ರೆಕಾರ್ಡರ್ ಆಗುತ್ತದೆ.

ಇದನ್ನು ಸಣ್ಣ ಸಂಗತಿ ಎಂದು ತಿಳಿಯಬೇಡಿ. 1975ರ ಆಗಸ್ಟ್‌ನಿಂದ ಒಂದು ವರ್ಷ, ಸೈಟ್ ಎಂಬ ಉಪಗ್ರಹ ಪ್ರಯೋಗದಲ್ಲಿ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿ.ವಿ. ಬಂತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಆಗ ರಾಯಚೂರು ಜಿಲ್ಲೆಯವೇ. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರೆಲ್ಲ ಜನ. ನೋಡಿದ್ದು ನೋಡಿದ ಹಾಗೆ ಹೋಗುತ್ತಿತ್ತು, ಹಿಡಿದಿಡುವ ಮಾತೇ ಇರಲಿಲ್ಲ. ಇಂದು ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಬಂದಂತೆ ನಮ್ಮ ಪಕ್ಕದ ಊರಿನವರಿಗೆ ಪದ್ಮಶ್ರೀ ಬಂದರೆ, ಆ ಗಳಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆ ಸಹಜ. ಇಟ್ಟುಕೊಳ್ಳಲೂಬಹುದು. ಆದರೆ ಇಟ್ಟದ್ದು ಸಿಗುವುದಿಲ್ಲ ಎಂಬುದೇ ನಾನು ಹೆಚ್ಚಾಗಿ ಕೇಳುವ ದೂರು.

ನಾನು ರಿಪೇರಿ ಅಂಗಡಿಯವನಲ್ಲ. ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ಆದರೂ ನೆಂಟರು ಬಾಕ್ಸನ್ನು ಕೈಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. "ಸರ, ಇದರಾಗ ಒಂದೂ ಫೈಲ್ ಇಲ್ಲ, ಆದ್ರೂ ತುಂಬೇತಿ ಅಂತ ತೋರಸ್ತೈತಿ" ಎನ್ನುತ್ತಾರೆ. ಹತ್ತರಲ್ಲಿ ಎಂಟು ಸಲ ಬಾಕ್ಸ್ ನೆಟ್ಟಗೇ ಇರುತ್ತದೆ.

ಮೊದಲು ಲೆಕ್ಕ ನೋಡೋಣ. ಸಾಧಾರಣ ಚಾನೆಲ್ ಒಂದು ಸೆಕೆಂಡಿಗೆ ಸುಮಾರು 3 ಮೆಗಾಬಿಟ್ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಎಂಟು ಬಿಟ್ಟಿಗೆ ಒಂದು ಬೈಟ್. ಗಂಟೆಗೆ 1350 ಮೆಗಾಬೈಟ್ ಆಯಿತು. 32 ಜಿ.ಬಿ. ಎಂದು ಬರೆದ ಪೆನ್ ಡ್ರೈವ್ ಕಂಪ್ಯೂಟರಿನಲ್ಲಿ 29.8 ಎಂದು ಕಾಣುತ್ತದೆ. ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ ಹಿಡಿಯುತ್ತದೆ. ಹೇಗೆ ನೋಡಿದರೂ ಇಪ್ಪತ್ತು ಗಂಟೆಗೆ ಕೊರತೆಯಿಲ್ಲ. ಹಾಗಿದ್ದರೂ ಮೂರು ಗಂಟೆ ಮೀರಿದ ನಾಟಕ ಕೊನೆಯ ಅಂಕದಲ್ಲಿ ಏಕೆ ನಿಂತಿತು? ಪೆನ್ ಡ್ರೈವ್‌ಗಳನ್ನು ಸಾಮಾನ್ಯವಾಗಿ ಫ್ಯಾಟ್ 32 ಎಂಬ ಪದ್ಧತಿಯಲ್ಲಿ ಸಜ್ಜು ಮಾಡಿರುತ್ತಾರೆ. ಆ ಪದ್ಧತಿಯಲ್ಲಿ ಒಂದು ಫೈಲು 4 ಜಿ.ಬಿ. ದಾಟುವಂತಿಲ್ಲ. ಜಾಣ ಬಾಕ್ಸ್ ಅಲ್ಲಿಗೆ ಒಂದನ್ನು ಮುಗಿಸಿ ಎರಡನೆಯದನ್ನು ಶುರುಮಾಡುತ್ತದೆ. ಅಗ್ಗದ್ದು ಸುಮ್ಮನೆ ನಿಲ್ಲುತ್ತದೆ. ನಿಮ್ಮದು ನಿಲ್ಲುವ ಜಾತಿಯದಾದರೆ ಜಾಹೀರಾತು ಬಂದಾಗ ನೀವೇ ನಿಲ್ಲಿಸಿ ಮತ್ತೆ ಗುಂಡಿ ಒತ್ತಿ. ಇನ್ನೂ ದೊಡ್ಡ ಪೆನ್ ಡ್ರೈವ್ ತಂದರೆ ಪರಿಹಾರವಾಗದು. 32 ಜಿ.ಬಿ.ಗಿಂತ ದೊಡ್ಡವು ಅನೇಕ ವೇಳೆ ಬೇರೆ ಪದ್ಧತಿಯಲ್ಲಿ ಬರುತ್ತವೆ, ಹಳೆಯ ಬಾಕ್ಸ್ ಅವನ್ನು ಗುರುತಿಸುವುದೇ ಇಲ್ಲ.

ಸಂತೆಯಲ್ಲಿ ಅಗ್ಗಕ್ಕೆ ಸಿಗುವ 64, 128ರ ಪೆನ್ ಡ್ರೈವ್ ಬಗ್ಗೆ ಎಚ್ಚರವಿರಲಿ. ಒಳಗೆ 8 ಜಿ.ಬಿ. ಚಿಪ್ ಇಟ್ಟು 64 ಎಂದು ಹೇಳುವಂತೆ ಮಾಡಿರುವ ನಕಲಿ ಮಾಲು ಇರುತ್ತದೆ. ಮೊದಲ ಕೆಲವು ಕಾರ್ಯಕ್ರಮ ಚೆನ್ನಾಗಿಯೇ ಬರುತ್ತವೆ, ಆಮೇಲಿನವು ಹೆಸರಿಗೆ ಮಾತ್ರ. ಹೊಸದು ತಂದಾಗ ಪೂರ್ತಿ ತುಂಬಿಸಿ, ಕೊನೆಯ ಕಾರ್ಯಕ್ರಮವನ್ನು ಹಾಕಿ ನೋಡಿ. ಮೊದಲನೆಯದನ್ನು ನೋಡಿ ಸಮಾಧಾನಪಡುವವರೇ ಹೆಚ್ಚು.

ಪೆನ್ ಡ್ರೈವ್ ಬದಲು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹಾಕುವವರೂ ಇದ್ದಾರೆ. ಬಾಕ್ಸಿನ ಕಿಂಡಿ ಸಾಮಾನ್ಯವಾಗಿ 500 ಮಿಲಿ ಆಂಪಿಯರ್ ಕರೆಂಟು ಕೊಡುವಂಥದ್ದು. ತಿರುಗುವ ಡಿಸ್ಕಿಗೆ ಶುರುವಿನಲ್ಲಿ ಅದಕ್ಕಿಂತ ಹೆಚ್ಚು ಬೇಕು. ಟಿಕ್ ಟಿಕ್ ಸದ್ದು ಬಂದು ನಿಂತರೆ ಡಿಸ್ಕ್ ಕೆಟ್ಟಿತೆಂದು ಎಸೆಯಬೇಡಿ, ಅದಕ್ಕೆ ಪ್ರತ್ಯೇಕ ಅಡಾಪ್ಟರ್ ಕೊಟ್ಟು ನೋಡಿ.

ಈಗ ಆ ಒಗಟಿಗೆ ಬರುತ್ತೇನೆ. ಫೈಲಿಲ್ಲ, ಜಾಗವೂ ಇಲ್ಲ. ಅಂಗಡಿಯವರ ಖಾತೆ ಪುಸ್ತಕವನ್ನು ನೆನೆಯಿರಿ. ಮಾಲು ಗೋದಾಮಿಗೆ ಇಳಿಯುತ್ತಲೇ ಇರುತ್ತದೆ, ಎಷ್ಟು ಚೀಲ ಎಂದು ಬರೆಯುವುದು ಕೊನೆಗೆ. ರೆಕಾರ್ಡಿಂಗ್ ಕೂಡ ಹಾಗೆಯೇ. ಚಿತ್ರ ಪೆನ್ ಡ್ರೈವಿಗೆ ಇಳಿಯುತ್ತಿರುತ್ತದೆ, ಅದರ ಅಳತೆಯನ್ನು ಅನೇಕ ಬಾಕ್ಸ್‌ಗಳು ನೀವು ನಿಲ್ಲಿಸಿದಾಗಲೇ ಬರೆಯುತ್ತವೆ. ನಡುವೆ ಕರೆಂಟು ಹೋಯಿತೋ, ಮಾಲು ಗೋದಾಮಿನಲ್ಲಿದೆ, ಖಾತೆಯಲ್ಲಿ ಸೊನ್ನೆ! ಹಾಗಾಗಿ ಟಿ.ವಿ. ಮತ್ತು ಬಾಕ್ಸ್ ಎರಡನ್ನೂ ಚಿಕ್ಕ ಯು.ಪಿ.ಎಸ್.ಗೆ ಹಾಕಿದರೆ ಒಳ್ಳೆಯದು. ಅದಾಗದಿದ್ದರೆ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಮುಂದುವರಿಸಿ. ಹೋದರೆ ಅರ್ಧ ಗಂಟೆಯದು ಮಾತ್ರ ಹೋಗುತ್ತದೆ. ಇನ್ನೊಂದು ಕಳ್ಳ ಕಾರಣವೂ ಉಂಟು. ನೇರ ಕಾರ್ಯಕ್ರಮವನ್ನು ತಡೆದು ಆಮೇಲೆ ನೋಡುವ ಟೈಮ್ ಶಿಫ್ಟ್ ಸೌಲಭ್ಯ ಚಾಲೂ ಇದ್ದರೆ ಕೆಲವು ಬಾಕ್ಸ್ ತನ್ನ ಪಾಲಿಗೆಂದು ಜಾಗ ಹಿಡಿದಿಟ್ಟುಕೊಳ್ಳುತ್ತದೆ. ಮೆನುವಿನಲ್ಲಿ ಅದನ್ನು ಬಂದ್ ಮಾಡಿ.

ಖಾತೆ ಕೆಟ್ಟ ಪೆನ್ ಡ್ರೈವ್ ಹಾಕಿದಾಗ ಬಾಕ್ಸ್ ಒಂದು ಪ್ರಶ್ನೆ ಕೇಳುತ್ತದೆ: ಫಾರ್ಮ್ಯಾಟ್ ಮಾಡಲೇ? ಹೌದು, ಅಲ್ಲ. ಪ್ರಶ್ನೆ ಇಂಗ್ಲಿಷಿನಲ್ಲಿರುತ್ತದೆ, ಬೆರಳು ಓಕೆ ಗುಂಡಿಯ ಮೇಲಿರುತ್ತದೆ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಕುಷ್ಟಗಿ ತಾಲೂಕಿನ ಹಳ್ಳಿಯಲ್ಲಿದ್ದ ನಮ್ಮ ಕಾಕಾ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು. ಒಮ್ಮೆ ಅವರ ಮೇಳದ್ದು ಅರ್ಧ ಗಂಟೆ ಟಿ.ವಿ.ಯಲ್ಲಿ ಬಂತು. ಅವರ ಮಗ ರೆಕಾರ್ಡ್ ಮಾಡುತ್ತಿದ್ದಾಗ ಮುಗಿಯಲು ಎರಡು ನಿಮಿಷ ಇರುವಾಗ ಕರೆಂಟು ಹೋಯಿತು. ಫೈಲ್ ಕಾಣಲಿಲ್ಲ, ಪೆನ್ ಡ್ರೈವ್ ಮೂಲೆ ಸೇರಿತು. ಕಾಕಾ ತೀರಿಕೊಂಡ ಮರುವರ್ಷ ಮನೆಯ ಹುಡುಗನೊಬ್ಬ ಅದನ್ನೇ ಹಾಕಿ, ಬಾಕ್ಸ್ ಕೇಳಿದ್ದಕ್ಕೆ ಓಕೆ ಒತ್ತಿ, ಹತ್ತು ನಿಮಿಷ ಧಾರಾವಾಹಿ ರೆಕಾರ್ಡ್ ಮಾಡಿದ. ಕಾಕೂ ನೋಡಿ, "ಅಯ್ಯೋ ಮಗಾ, ಅದರಾಗ ನಿಮ್ಮಜ್ಜ ಇದ್ದಾನಲ್ಲೋ" ಎಂದರಂತೆ. ಹುಡುಗ ಅಂಜಿ ಗುಂಡಿ ಬಿಟ್ಟ. ಆಮೇಲೆ ಯಾರೂ ಅದನ್ನು ಮುಟ್ಟಲಿಲ್ಲ. ಉಳಿದದ್ದು ಅದರಿಂದಲೇ.

ಫಾರ್ಮ್ಯಾಟ್ ಎಂದರೆ ಸಾಮಾನ್ಯವಾಗಿ ಖಾತೆ ಪುಸ್ತಕ ಹರಿಯುವುದಷ್ಟೇ. ಗೋದಾಮಿನ ಮಾಲು ಅಲ್ಲೇ ಇರುತ್ತದೆ. ಅದರ ಮೇಲೆ ಹೊಸ ಮಾಲು ಇಳಿಸಿದರೆ ಮಾತ್ರ ಹಳೆಯದು ಹೋಯಿತು. ಆದ್ದರಿಂದ ತಪ್ಪಾಯಿತೆಂದು ತಿಳಿದ ಕ್ಷಣ ಪೆನ್ ಡ್ರೈವ್ ಕಿತ್ತು ಎತ್ತಿಡಿ. ಕಂಪ್ಯೂಟರ್ ಬಲ್ಲವರ ಬಳಿ ಕೊಟ್ಟು, ಮೊದಲು ಇಡೀ ಪೆನ್ ಡ್ರೈವಿನ ಯಥಾಪ್ರತಿ ತೆಗೆಸಿ. ಆ ಪ್ರತಿಯ ಮೇಲೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಓಡಿಸಲು ಹೇಳಿ. ಹೆಸರು ಫೋಟೋ ಎಂದಿದ್ದರೂ ಅದು ವಿಡಿಯೋ ಹುಡುಕುತ್ತದೆ. "ಚೆಕ್ ಮಾಡಿ ಸರಿಪಡಿಸುತ್ತೇನೆ" ಎಂದು ಮೂಲ ಪೆನ್ ಡ್ರೈವಿನ ಮೇಲೆಯೇ ಕೈಯಿಡುವವರಿಗೆ ಬೇಡ ಎನ್ನಿ, ನಿಷ್ಠುರವಾದರೂ ಚಿಂತೆಯಿಲ್ಲ. ಬಾಕ್ಸ್ ಮಾಡುವ ಫೈಲಿನ ಗುಣವೂ ನಮ್ಮ ಕಡೆಗಿದೆ. ಅದು 188 ಬೈಟ್‌ಗಳ ಸಣ್ಣ ಸಣ್ಣ ಪೊಟ್ಟಣಗಳ ಸರಣಿ. ತಲೆಭಾಗ ಹೋದರೂ ನಡುವಿನಿಂದ ನೋಡಲು ಬರುತ್ತದೆ. ಹಣ ಕಟ್ಟುವ ಡಿಶ್‌ಗಳ ರೆಕಾರ್ಡರ್‌ಗೆ ಈ ಮಾತು ಸಲ್ಲದು. ಅಲ್ಲಿನ ರೆಕಾರ್ಡಿಂಗ್ ಬೀಗ ಹಾಕಿದ್ದು, ಆ ಬಾಕ್ಸ್ ಹೋದರೆ ಅದೂ ಹೋದ ಹಾಗೆಯೇ.

ಧೂಳು, ಬಿಸಿಲಿನ ಮಾತು ಮರೆತೆ. ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ಧೂಳಾಗಲಿ, ಗಿಣಿಗೇರಿ ಕಡೆಯ ಕಾರ್ಖಾನೆಗಳ ಕಪ್ಪು ಬೂದಿಯಾಗಲಿ ಕಿಂಡಿಯೊಳಗೆ ಕುಳಿತರೆ ಪೆನ್ ಡ್ರೈವ್ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಒಣ ಬ್ರಷ್‌ನಿಂದ ಒರೆಸಿ, ಬಾಯಿಂದ ಊದಬೇಡಿ. ಬೇಸಿಗೆಯಲ್ಲಿ ಬಾಕ್ಸಿನ ಮೇಲೆ ಕಸೂತಿಯ ಬಟ್ಟೆ ಹೊದಿಸುವ ಪದ್ಧತಿ ನಮ್ಮಲ್ಲಿದೆ. ಚೆಂದ ಕಾಣುತ್ತದೆ, ಆದರೆ ಒಳಗೆ ಬೇಯುತ್ತದೆ.

ಕಾಕಾರ ಇಪ್ಪತ್ತೆಂಟು ನಿಮಿಷಗಳಲ್ಲಿ ಮೊದಲ ಹತ್ತು ಧಾರಾವಾಹಿಯ ಕೆಳಗೆ ಹೋಗಿತ್ತು. ಉಳಿದ ಹದಿನೆಂಟರಲ್ಲಿ ಹದಿನಾರು ನಿಮಿಷ ಸಿಕ್ಕಿತು. ಅವರ ಹೆಸರು ಹೇಳಿದ ಭಾಗವಿಲ್ಲ, ಪದವೊಂದರ ನಡುವಿನಿಂದಲೇ ಶುರುವಾಗುತ್ತದೆ. ಒಂದು ಪ್ರತಿ ಕಾಕೂ ಹತ್ತಿರ, ಇನ್ನೊಂದು ಯಲಬುರ್ಗಾದಲ್ಲಿರುವ ಅವರ ಮಗಳ ಮನೆಯಲ್ಲಿ, ಮೂರನೆಯದು ನನ್ನ ಕಪಾಟಿನಲ್ಲಿದೆ. ಆ ಹಳೆಯ ಪೆನ್ ಡ್ರೈವಿಗೆ ಕಾಕೂ ಕೆಂಪು ದಾರ ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದಾರೆ.