ತೀರ್ಪು ಬಂದಾಗ ಮನೆ ಬರಿದಾಗಿತ್ತು



ವೃದ್ಧರನ್ನೂ ರೋಗಿಗಳನ್ನೂ ಇರಿಸಿಕೊಂಡು ಆರೈಕೆ ಮಾಡುವ ಕೇಂದ್ರಗಳ ಮೇಲೆ ಸರಕಾರದ ನಿಗಾ ಇರಬೇಕೇ? ಖಂಡಿತ ಇರಬೇಕು. ಅಲ್ಲಿರುವವರಲ್ಲಿ ಅನೇಕರು ಹಾಸಿಗೆ ಬಿಟ್ಟು ಏಳಲಾರರು, ತಮಗಾದ ಅನ್ಯಾಯವನ್ನು ಬಾಯಿಬಿಟ್ಟು ಹೇಳಲಾರರು. ಆದರೆ ನಿಗಾ ಇಡುವವರೇ ತಪ್ಪಿದರೆ ಏನು ಗತಿ? ಈ ಪ್ರಶ್ನೆಗೆ ಇಂಗ್ಲೆಂಡಿನ ಒಂದು ಮೊಕದ್ದಮೆಯಲ್ಲಿ ದೊಡ್ಡ ಪಾಠವಿದೆ.

ನಾಟಿಂಗ್‌ಹ್ಯಾಂಶೈರ್‌ನಲ್ಲಿ ದಂಪತಿಗಳಿಬ್ಬರು ವೃದ್ಧರ ನರ್ಸಿಂಗ್ ಹೋಂ ನಡೆಸುತ್ತಿದ್ದರು. 1998ರ ಅಕ್ಟೋಬರಿನಲ್ಲಿ ಆರೋಗ್ಯ ಪ್ರಾಧಿಕಾರವು ಮ್ಯಾಜಿಸ್ಟ್ರೇಟರ ಬಳಿಗೆ ಹೋಗಿ, ನಿವಾಸಿಗಳ ಜೀವಕ್ಕೂ ಆರೋಗ್ಯಕ್ಕೂ ಗಂಭೀರ ಅಪಾಯವಿದೆಯೆಂದು ವಾದಿಸಿ, ಕೇಂದ್ರದ ನೋಂದಣಿಯನ್ನು ರದ್ದುಪಡಿಸಿತು. 1984ರ ಕಾಯ್ದೆಯು ಇದಕ್ಕೆ ಅವಕಾಶ ನೀಡಿತ್ತು. ದಂಪತಿಗಳಿಗೆ ಮುನ್ಸೂಚನೆಯನ್ನೇ ಕೊಟ್ಟಿರಲಿಲ್ಲ. ಆಜ್ಞೆ ಕೂಡಲೇ ಜಾರಿಯಾಯಿತು. ನಿವಾಸಿಗಳನ್ನು ಬೇರೆಡೆಗೆ ಸಾಗಿಸಲಾಯಿತು.

ಮೇಲ್ಮನವಿಯ ಹಕ್ಕೇನೋ ಇತ್ತು. ಆದರೆ ಮೇಲ್ಮನವಿ ಇತ್ಯರ್ಥವಾಗುವವರೆಗೆ ಆಜ್ಞೆಯನ್ನು ತಡೆಹಿಡಿಯುವ ದಾರಿ ಇರಲಿಲ್ಲ. ಸುಮಾರು ನಾಲ್ಕು ತಿಂಗಳ ಬಳಿಕ, 1999ರ ಫೆಬ್ರವರಿಯಲ್ಲಿ, ನ್ಯಾಯಮಂಡಳಿಯು ದಂಪತಿಗಳ ಪರವಾಗಿ ತೀರ್ಪಿತ್ತು ಪ್ರಾಧಿಕಾರವನ್ನು ಕಟುವಾಗಿ ಟೀಕಿಸಿತು. ಆದರೆ ಆ ವೇಳೆಗೆ ಮನೆ ಬರಿದಾಗಿತ್ತು, ಅವರ ಜೀವನೋಪಾಯ ಮಣ್ಣುಪಾಲಾಗಿತ್ತು.

ಪರಿಹಾರ ಕೋರಿದ ದಾವೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಕಾಯ್ದೆಯಿರುವುದು ನಿವಾಸಿಗಳ ರಕ್ಷಣೆಗಾಗಿ. ಆದುದರಿಂದ ಪ್ರಾಧಿಕಾರವು ಮಾಲಕರಿಗೆ ನಷ್ಟ ತುಂಬಿಕೊಡಬೇಕಾಗಿಲ್ಲವೆಂದು 2009ರಲ್ಲಿ ಅದು ತೀರ್ಪು ನೀಡಿತು. ಪ್ರಕರಣ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದ ಬಳಿಕ, 2010ರಲ್ಲಿ ಬ್ರಿಟಿಷ್ ಸರಕಾರ ಪರಿಹಾರ ನೀಡಿ ರಾಜಿ ಮಾಡಿಕೊಂಡಿತು. ಆಜ್ಞೆ ಹೊರಟ ದಿನದಿಂದ ಅದಕ್ಕೆ ಹನ್ನೊಂದು ವರ್ಷಗಳೇ ಹಿಡಿದವು!

ಹಾಗೆಂದು ನಿಯಂತ್ರಣವೇ ಬೇಡವೆನ್ನೋಣವೇ? ಅದು ಇನ್ನೊಂದು ಬಗೆಯ ಅನ್ಯಾಯ. ಇಂಗ್ಲೆಂಡಿನ 2008ರ ಕಾಯ್ದೆಯ ಪ್ರಕಾರ ನೋಂದಣಿ ರದ್ದುಪಡಿಸುವ ಮುನ್ನ ಸಾಮಾನ್ಯವಾಗಿ ಕಾರಣ ಸಹಿತ ನೋಟೀಸು ನೀಡಬೇಕು; ಉತ್ತರಿಸಲು 28 ದಿನಗಳ ಕಾಲಾವಕಾಶವಿದೆ. ನಿರ್ಧಾರವಾದ ಮೇಲೆ ಸ್ವತಂತ್ರ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಮತ್ತೆ 28 ದಿನಗಳಿವೆ. ಯಾರದಾದರೂ ಜೀವಕ್ಕೋ ಆರೋಗ್ಯಕ್ಕೋ ಯೋಗಕ್ಷೇಮಕ್ಕೋ ಗಂಭೀರ ಅಪಾಯವಿದ್ದರೆ ಮಾತ್ರ ತುರ್ತಾಗಿ ರದ್ದುಪಡಿಸುವ ಮಾರ್ಗ. ನ್ಯಾಯದ ಕ್ರಮ ಇದು: ಮೊದಲು ಆಲಿಸುವುದು, ಆಮೇಲೆ ಆಜ್ಞಾಪಿಸುವುದು.

ಅನಾಥಾಲಯಗಳನ್ನು ನಡೆಸುವ ನಮಗೂ ಇದು ದೂರದ ಮಾತಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಯು ಸರಕಾರದ ಅನುದಾನ ಪಡೆಯದಿದ್ದರೂ ನೋಂದಣಿ ಕಡ್ಡಾಯ. ತಪ್ಪಿದರೆ ಒಂದು ವರ್ಷದವರೆಗೆ ಸಜೆ ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. 'ನಾವು ಪುಣ್ಯದ ಕೆಲಸ ಮಾಡುತ್ತಿದ್ದೇವೆ, ನಮ್ಮನ್ನು ಕೇಳುವವರಾರು?' ಎಂಬ ಧೋರಣೆ ಸಲ್ಲದು. ಮಗು ನಮ್ಮ ಸೊತ್ತಲ್ಲ, ನಮ್ಮ ಕೈಗೊಪ್ಪಿಸಿದ ಅಮಾನತ್ತು. ತಪಾಸಣೆಗೆ ಬಂದವರಿಗೆ ಬಾಗಿಲು ತೆರೆಯೋಣ, ದಾಖಲೆಗಳನ್ನು ಸರಿಯಾಗಿಡೋಣ. ಹಾಗೆ ನಡೆದುಕೊಂಡವರಿಗೆ ಮಾತ್ರ, ಅನ್ಯಾಯದ ಆಜ್ಞೆ ಬಂದಾಗ 'ಮೊದಲು ನಮ್ಮ ಮಾತು ಕೇಳಿ' ಎಂದು ತಲೆಯೆತ್ತಿ ಹೇಳುವ ನೈತಿಕ ಬಲವಿರುತ್ತದೆ.